ಗೋಲಿ ಉರುಳುವ ದಿಕ್ಕು

ಬೆಳಗಿನ ಆರು ಗಂಟೆ. ಐದಡಿ ಅಗಲ, ಏಳಡಿ ಉದ್ದದ ಬಚ್ಚಲುಮನೆಯ ನೆಲದ ಮೇಲೆ ಐವತ್ಮೂರು ವರ್ಷದ ಮನುಷ್ಯರೊಬ್ಬರು ಕೆನ್ನೆಯೂರಿ ಮಲಗಿದ್ದಾರೆ. ಒಂದು ಕಣ್ಣು ಮುಚ್ಚಿದೆ. ಇನ್ನೊಂದು ಕಣ್ಣಿನ ಮುಂದೆ, ಗೇಣು ದೂರದಲ್ಲಿ, ಒಂದು ಹಸಿರು ಗಾಜಿನ ಗೋಲಿ. ಬಾಗಿಲ ಬಳಿ ಇಟ್ಟರೆ ಗೋಲಿ ಅಲ್ಲೇ ಕೂರುತ್ತದೆ. ನಡುಮಧ್ಯಕ್ಕೆ ಇಟ್ಟರೆ ಅಲ್ಲೇ. ನೀರು ಹೋಗುವ ಜಾಲರಿಯ ಪಕ್ಕಕ್ಕೇ ತಂದಿಟ್ಟರೂ ಜಪ್ಪಯ್ಯ ಅಂದರೂ ಕದಲುವುದಿಲ್ಲ.

"ಇಷ್ಟು ಮಟ್ಟವಾದ ನೆಲ ನಾನು ಹುಟ್ಟಿದ್ಮೇಲೆ ನೋಡಿಲ್ಲ," ಎನ್ನುತ್ತಾರೆ ಮಲಗಿದವರು.

ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಬಾಗಿಲಲ್ಲಿ ನಿಂತ ಮನೆಯ ಯಜಮಾನರು ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಹನ್ನೆರಡು ದಿನದ ಹಿಂದೆ ಈ ನೆಲಕ್ಕೆ ಟೈಲ್ಸ್ ಕೂರಿಸಿದವರು ಅವರೇ. ಒಂದೊಂದು ಟೈಲಿಗೂ ನಾಲ್ಕು ಸಲ ಮಟ್ಟ ಹಿಡಿದು ನೋಡಿದ್ದಾರೆ. ಬಚ್ಚಲು ಮೇಜಿನಷ್ಟು ಸಮತಟ್ಟಾಗಿದೆ, ಹಾಗಾಗಿ ಸುರಿದ ನೀರು ಎಲ್ಲಿಗೂ ಹೋಗದೆ ಸುರಿದಲ್ಲೇ ಆರಾಮಾಗಿ ನಿಲ್ಲುತ್ತದೆ.

ಮಲಗಿದವರನ್ನು ಈ ಬಡಾವಣೆಯಲ್ಲಿ ಎಲ್ಲರೂ ಗೋಲಿ ಮೇಸ್ತ್ರಿ ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ನೆಲಕ್ಕೆ ಟೈಲ್ಸ್ ಹಾಕುವುದೇ ಕಸುಬು. ಚೀಲದಲ್ಲಿ ರಸಮಟ್ಟವೂ ಇದೆ, ಕೆಂಪು ಗೆರೆ ಹೊಡೆಯುವ ಹೊಸ ಯಂತ್ರವೂ ಇದೆ. ಆದರೂ ಕೊನೆಯ ಮಾತು ಅಂಗಿ ಜೇಬಿನ ಗೋಲಿಯದ್ದು. ಇವರ ಸುದ್ದಿ ನನಗೆ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ. ಒಂದು ಫೋಟೋ ನೇತುಹಾಕಲು ಗೋಡೆಗೆ ಏಳು ತೂತು ಕೊರೆದು, ಅವನ್ನು ಮುಚ್ಚಲು ಏನಾದರೂ ಕೊಡಿ ಎಂದು ನಾನು ಕೇಳಿದಾಗ ಅಂಗಡಿಯಾಕೆ ನಕ್ಕು, "ನಿಮ್ಮಂಥವರಿಗೇ ಅಂತ ಒಬ್ಬರಿದ್ದಾರೆ," ಎಂದಿದ್ದರು. ಒಂದು ಬೆಳಗ್ಗೆ ನೋಡಿಕೊಂಡು ಹೋಗೋಣವೆಂದು ಬಂದವನು ನಾನು, ನಾಲ್ಕು ದಿನ ಈ ಮನೆಗೆ ಅಲೆದೆ.

ಮೇಸ್ತ್ರಿಗೆ ಬರುವ ಹತ್ತು ಕರೆಗಳಲ್ಲಿ ಆರು, ಮನೆಯವರು ತಾವೇ ಮಾಡಲು ಹೋಗಿ ಕೆಡಿಸಿಕೊಂಡ ಕೆಲಸದ್ದು. ಫೋನಿನ ವಿಡಿಯೋದಲ್ಲಿ ನೋಡುವಾಗ ಎಲ್ಲವೂ ದೂರದ ಬೆಟ್ಟದಂತೆ ನುಣ್ಣಗೇ ಇರುತ್ತದೆ. ಹೋದಲ್ಲೆಲ್ಲ ಮೇಸ್ತ್ರಿಯದ್ದೊಂದು ಪದ್ಧತಿಯಿದೆ: "ಇದನ್ನ ಯಾರು ಮಾಡಿದ್ದು?" ಎಂದು ಅವರು ಕೇಳುವುದೇ ಇಲ್ಲ. ನೆಲ ನೋಡುತ್ತಾರೆ, ಗೋಲಿ ಬಿಡುತ್ತಾರೆ, "ನೀರು ಎಲ್ಲಿ ನಿಲ್ಲತ್ತೆ?" ಎಂದಷ್ಟೇ ಕೇಳುತ್ತಾರೆ.

"ಯಾಕೆ ಕೇಳ್ಬೇಕು? ಬಾಗಿಲು ತೆಗೆಯುವಾಗ್ಲೇ ಮುಖದಲ್ಲಿ ಬರ್ದಿರತ್ತೆ," ಎನ್ನುತ್ತಾರೆ. "ಅವರು ವಿಡಿಯೋ ನೋಡಿ ಕಲಿತ್ರು. ನಾನೂ ನಮ್ಮ ದೊಡ್ಡಪ್ಪನ್ನ ನೋಡೇ ಕಲ್ತೆ. ನಾನು ಕೆಡಿಸಿದಾಗ ಅವನು ತಲೆಗೊಂದು ಕೊಡ್ತಿದ್ದ, ವಿಡಿಯೋ ಕೊಡಲ್ಲ. ಅಷ್ಟೇ ವ್ಯತ್ಯಾಸ."

ಹಾಗಾದರೆ ಜನ ಏನನ್ನು ತಾವೇ ಮಾಡಿಕೊಳ್ಳಬಹುದು, ಯಾವುದಕ್ಕೆ ಕಸುಬುದಾರರನ್ನು ಕರೆಯಬೇಕು? ಇದು ನನ್ನ ಸ್ವಂತ ಸಂಕಟವೂ ಹೌದು, ಹಾಗಾಗಿ ಬಿಡದೆ ಕೇಳುತ್ತೇನೆ. "ಬಣ್ಣ ನೀವೇ ಬಳೀರಿ, ಮೊಳೆ ನೀವೇ ಹೊಡೀರಿ. ಕೆಟ್ರೆ ಕಣ್ಣಿಗಷ್ಟೇ ಕಷ್ಟ. ನೀರು, ಕರೆಂಟು ಅಂತ ಬಂದ್ರೆ ಮಾತ್ರ ಕರೀರಿ. ಅಲ್ಲಿ ತಪ್ಪು ಮಾಡೋರು ಒಬ್ಬರು, ಪೆಟ್ಟು ತಿನ್ನೋರು ಇನ್ನೊಬ್ಬರು." ಅಂಗಡಿಯಾಕೆಯಿಂದ ಸುದ್ದಿ ಮುಟ್ಟಿರಬೇಕು, "ನಿಮ್ಮ ಏಳು ತೂತಿನ ಮುಂದೆ ಈಗ ಏನಿದೆ, ಕ್ಯಾಲೆಂಡರಾ?" ಎಂದು ಕೇಳುತ್ತಾರೆ. ಕ್ಯಾಲೆಂಡರೇ ಇದೆ.

ಈ ಮನೆಯಲ್ಲಿ ಪೆಟ್ಟು ತಿನ್ನಬಹುದಾದವರು ಯಜಮಾನರ ಹೆಂಡತಿ. ಅವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ. ಈಗ ತಂಗಿಯ ಮನೆಯಲ್ಲಿದ್ದಾರೆ, ಶನಿವಾರ ಮಧ್ಯಾಹ್ನ ವಾಕರ್ ಹಿಡಿದು ಮನೆಗೆ ಬರುತ್ತಾರೆ. ಅಷ್ಟರೊಳಗೆ ಹಳೆಯ ನುಣುಪು ಕಲ್ಲು ತೆಗೆದು ಜಾರದ ಟೈಲ್ಸ್ ಹಾಕಬೇಕು, ಅದೂ ಸ್ವಂತ ಕೈಯಿಂದಲೇ ಎಂದು ಯಜಮಾನರು ಹಟ ತೊಟ್ಟಿದ್ದರು. ಆದರೆ ಜಾರದ ಟೈಲೂ ದಿನವಿಡೀ ನೀರು ನಿಂತರೆ ಪಾಚಿ ಹಿಡಿದು ಜಾರುತ್ತದೆ. ಇವತ್ತು ಬುಧವಾರ.

ಯಜಮಾನರದ್ದು ನಲವತ್ತು ವರ್ಷ ಗಡಿಯಾರ ರಿಪೇರಿಯ ಅಂಗಡಿ. ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ತಿರುಗಿಸಿದ ಕೈ. "ಅಂಗಡಿಗೆ ಬಂದವರನ್ನೆಲ್ಲ ನಾನು ಕೇಳ್ತಿದ್ದ ಮೊದಲನೇ ಮಾತೇ 'ನೀವೇ ಬಿಚ್ಚಿದ್ರಾ?' ಅಂತ. ಎಂಥಾ ದೊಡ್ಡ ಮನುಷ್ಯರಾದ್ರೂ ತಲೆ ತಗ್ಗಿಸ್ತಿದ್ರು. ಆಗ ನನಗೆ ಭಾರೀ ಖುಷಿ," ಎಂದು ನನ್ನ ಬಳಿ ಒಪ್ಪಿಕೊಳ್ಳುತ್ತಾರೆ. ಮೇಸ್ತ್ರಿ ಆ ಪ್ರಶ್ನೆ ಕೇಳಲಿಲ್ಲವೆಂಬುದೇ ಅವರಿಗೆ ಹೆಚ್ಚು ಚುಚ್ಚಿದಂತಿದೆ.

"ಎಲ್ಲಾ ಕಿತ್ತು, ಕೆಳಗಿನ ಗಾರೆಗೆ ಇಳಿಜಾರು ಕೊಟ್ಟು, ಮತ್ತೆ ಕೂರಿಸ್ಬೇಕು," ಎನ್ನುತ್ತಾರೆ ಮೇಸ್ತ್ರಿ.

"ಹೇಗೆ ಅಂತ ಹೇಳ್ಕೊಡಿ ಮೇಸ್ತ್ರಿ, ನಾನೇ ಮಾಡ್ತೀನಿ. ನಾನೇ ಮಾಡಿದೀನಿ ಅಂತ ಅವಳಿಗೆ ಫೋನಲ್ಲಿ ಹೇಳಿಬಿಟ್ಟಿದೀನಿ."

ಮೇಸ್ತ್ರಿ ನೆಲದ ಮೇಲೆ ಎದ್ದು ಕೂರುತ್ತಾರೆ. ಗೋಲಿಯನ್ನು ಬೆರಳುಗಳ ನಡುವೆ ಹೊರಳಿಸುತ್ತಾ ಅವರು ಹೇಳಿದ್ದು ಇಷ್ಟು: ಕಸುಬು ಕಲಿತ ಎರಡನೇ ವರ್ಷ, ಇಪ್ಪತ್ನಾಲ್ಕರ ಹುಮ್ಮಸ್ಸಿನಲ್ಲಿ, ತಮ್ಮದೇ ಮನೆಯ ಬಚ್ಚಲಿಗೆ ನೆಲ ಹಾಕಿದರು. ದೊಡ್ಡಪ್ಪ ಬಂದು ನೋಡುತ್ತೇನೆ ಎಂದರೂ ಬೇಡವೆಂದರು. ನೀರು ಜಾಲರಿಯ ಕಡೆ ಹೋಗುವ ಬದಲು ಬಾಗಿಲ ಕಡೆ ಬಂತು. ಮುಂದಿನ ವಾರ ಸರಿ ಮಾಡಿದರಾಯಿತು ಎಂದುಕೊಂಡರು. ಮುಂದಿನ ವಾರದೊಳಗೆ ಅವರ ಅಮ್ಮ ಅದೇ ಬಾಗಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

"ಹದಿನಾರು ವರ್ಷ ಕುಂಟ್ಕೊಂಡೇ ಓಡಾಡಿದ್ರು ಯಜಮಾನ್ರೇ. ಒಂದು ದಿನಾನೂ ನನ್ನ ಬೈಲಿಲ್ಲ. ಯಾರಾದ್ರೂ ಕೇಳಿದ್ರೆ 'ನಾನೇ ನೋಡ್ಕೊಂಡು ಕಾಲಿಡ್ಲಿಲ್ಲ' ಅಂತಿದ್ರು. ಬೈದಿದ್ರೆ ಎಷ್ಟೋ ವಾಸಿಯಿತ್ತು." ಗೋಲಿ ಜೇಬು ಸೇರಿದ್ದು ಆ ವರ್ಷ. ಅಕ್ಕನ ಮಗಳ ಆಟದ ಡಬ್ಬಿಯಿಂದ ಎತ್ತಿಕೊಂಡದ್ದಂತೆ, ಆ ಹುಡುಗಿಗೆ ಈಗ ಇಬ್ಬರು ಮಕ್ಕಳು.

ಆಮೇಲೆ ಮೇಸ್ತ್ರಿಯೇ ಒಪ್ಪಂದ ಮುಂದಿಡುತ್ತಾರೆ. "ಇಳಿಜಾರು ನಂದು, ಅದ್ರಲ್ಲಿ ಪಾಲು ಕೊಡಲ್ಲ. ಟೈಲ್ಸ್ ನಡುವಿನ ಗೆರೆ ನಿಮ್ದು. ಇಷ್ಟು ನೆಟ್ಟಗಿನ ಗೆರೆ ನನ್ನ ಕೈಲೂ ಆಗಲ್ಲ."

ಹಳೆಯ ಟೈಲ್ಸ್ ತೆಗೆಯುವ ಕೆಲಸ ಯಜಮಾನರದ್ದೇ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮೂವತ್ತೈದನ್ನೂ ಎಬ್ಬಿಸುತ್ತಾರೆ. ಒಡೆದದ್ದು ನಾಲ್ಕು, ಅವರ ಬಳಿ ಹೆಚ್ಚುವರಿ ಇದ್ದದ್ದು ಐದು. ಅಂಟು ತೀರಾ ತೆಳುವಾಗಿ ಬಳಿದಿದ್ದರಿಂದ ಇಷ್ಟು ಸಲೀಸಾಗಿ ಬಂದವು ಎನ್ನುವುದನ್ನು ಮೇಸ್ತ್ರಿ ನನ್ನ ಕಿವಿಗೆ ಮಾತ್ರ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಗಾರೆ ಕೆತ್ತಿ, ಹೊಸದು ಕಲಸಿ, ಬಾಗಿಲಿಂದ ಜಾಲರಿಯವರೆಗೆ ಏಳಡಿಗೆ ಒಂದಿಂಚು ಇಳಿಸುತ್ತಾರೆ. ಕಣ್ಣಿಗೆ ಕಾಣದ ಇಳಿಜಾರು ಅದು. ಕರಣೆ ಹಿಡಿದ ಕೈ ಹೋಗಿ ಬರುವಾಗ ಮಾತಿಲ್ಲ, ಕತೆಯಿಲ್ಲ.

ಮೇಸ್ತ್ರಿಯ ಮಂಡಿಗಳನ್ನು ನೋಡಬೇಕು. ಹಳೆಯ ಟೈರಿನ ಟ್ಯೂಬಿಗೆ ಸ್ಪಂಜು ಹೊಲಿದು ತಾವೇ ಮಾಡಿಕೊಂಡ ಮೆತ್ತೆ ಕಟ್ಟಿಕೊಳ್ಳುತ್ತಾರೆ. ಒಂದು ದಿನದಲ್ಲಿ ಎಷ್ಟು ಸಲ ಕೂತು ಏಳುತ್ತಾರೆಂದು ಗುರುವಾರ ಲೆಕ್ಕ ಹಿಡಿದೆ. ಊಟದ ಹೊತ್ತಿಗೆ ತೊಂಬತ್ತಾರಾಗಿತ್ತು, ಆಮೇಲೆ ನನಗೇ ಸುಸ್ತಾಗಿ ಬಿಟ್ಟೆ. "ಡಾಕ್ಟ್ರು ಕೂರ್ಬೇಡಿ ಅಂತಾರೆ. ನಿಂತ್ಕೊಂಡು ನೆಲ ಹಾಕೋದು ಹೇಗೆ ಅಂತ ಅವರಿಗೂ ಗೊತ್ತಿಲ್ಲ," ಎಂದು ನಗುತ್ತಾರೆ. ಇಷ್ಟು ಮಂಡಿಯೂರಿ ಕಟ್ಟಿದ ನೆಲಗಳ ಮೇಲೆ ನಾವು ಒಂದು ದಿನವೂ ಇವರನ್ನು ನೆನೆಯದೆ ಓಡಾಡುತ್ತೇವಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ಗುರುವಾರ ಟೈಲ್ಸ್ ಕೂರುತ್ತವೆ. ಮೇಸ್ತ್ರಿ ಅಂಟು ಹರಡುತ್ತಾರೆ, ಯಜಮಾನರು ಗಡಿಯಾರದ ಮುಳ್ಳು ಕೂರಿಸುವಂತೆ ಉಸಿರು ಹಿಡಿದು ಒಂದೊಂದನ್ನೇ ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾರೆ. ಸಂಜೆ ನಾಲ್ಕಕ್ಕೆ ಮುಗಿಯಿತು. ಮೇಸ್ತ್ರಿ ಬಾಗಿಲಿಂದಾಚೆ ಬೋರಲು ಮಲಗಿ ಗೋಲಿ ಬಿಡುತ್ತಾರೆ. ಅದು ನಿಧಾನಕ್ಕೆ ಹೊರಟು, ಗೆರೆ ದಾಟಿ, ವೇಗ ಹಿಡಿದು ಜಾಲರಿಗೆ ಹೋಗಿ ಟಣ್ ಎನ್ನುತ್ತದೆ. ಎರಡನೇ ಸಲ ಎಡಗೋಡೆಯ ಬದಿಯಿಂದ ಬಿಟ್ಟಾಗ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ.

ಯಜಮಾನರೂ ಪಕ್ಕದಲ್ಲಿ ಬೋರಲು ಮಲಗುತ್ತಾರೆ. ಎಪ್ಪತ್ತರ ಹತ್ತಿರದ ಮುದುಕರು, ಗೋಲಿ ನಿಂತ ಜಾಗವನ್ನೇ ನೋಡುತ್ತಾರೆ. ಒಂದು ಟೈಲು, ಜಾಲರಿಯ ಕಡೆಯ ಅಂಚು, ಉಗುರಿನ ದಪ್ಪದಷ್ಟು ಎದ್ದಿದೆ. ಮೊನ್ನೆಯಾಗಿದ್ದರೆ ಇಷ್ಟಕ್ಕೆಲ್ಲ ಏನಾಗುತ್ತದೆ ಎನ್ನುತ್ತಿದ್ದರೇನೋ.

"ನಾನು ಹಾಕಿದ್ದು ಅದು. ಎಬ್ಬಿಸ್ತೀನಿ ಮೇಸ್ತ್ರಿ, ಅಂಟು ಇನ್ನೂ ಹಸಿ ಇದೆ," ಎನ್ನುತ್ತಾರೆ.

"ಎಬ್ಬಿಸಿ ಯಜಮಾನ್ರೇ," ಎನ್ನುತ್ತಾರೆ ಮೇಸ್ತ್ರಿ. ಅವರ ದನಿ ಬಹಳ ಮೃದುವಾಗಿತ್ತು.

ಶುಕ್ರವಾರ ಸಂದುಗಳಿಗೆ ಬಿಳಿ ಸಿಮೆಂಟು ತುಂಬಿದ್ದಾಯಿತು. ಮೇಸ್ತ್ರಿ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಿರುವಾಗ, ಇಷ್ಟು ವರ್ಷ ದುಡಿದ ಮೇಲೆ ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳುತ್ತೇನೆ. ಸ್ವಂತ ಅಂಗಡಿ ಎನ್ನಬಹುದು, ಮಂಡಿಗೆ ವಿಶ್ರಾಂತಿ ಎನ್ನಬಹುದು ಎಂದು ನನ್ನ ಎಣಿಕೆ.

"ನನ್ನ ಕೆಲಸ ಯಾರಿಗೂ ನೆನಪಾಗ್ಬಾರ್ದು," ಎನ್ನುತ್ತಾರೆ. "ನೆಲ ನೆನಪಾಗೋದು ಬಿದ್ದಾಗ ಮಾತ್ರ."

ಶನಿವಾರ ಮಧ್ಯಾಹ್ನ. ಮೇಸ್ತ್ರಿಗೆ ಇಲ್ಲಿ ಕೆಲಸವಿಲ್ಲ, ಮರೆತ ಸುತ್ತಿಗೆ ಒಯ್ಯುವ ನೆಪದಲ್ಲಿ ಬಂದಿದ್ದಾರೆ. ನನಗೆ ನೆಪವೂ ಇಲ್ಲ. ಮನೆಯ ಅಮ್ಮ, ಯಜಮಾನರ ಹೆಂಡತಿ, ತಂಗಿಯ ಜತೆ ವಾಕರ್ ಊರುತ್ತಾ ಒಳಗೆ ಬರುತ್ತಾರೆ. ಯಜಮಾನರು ರಾತ್ರಿಯಿಂದ ಹೇಳಿಕೊಂಡು ನೋಡಿದ್ದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ: "ನಾನು ಮಾಡಿದ್ದು ಕೆಟ್ಟಿತ್ತು ಕಣೇ. ಇವರು ಬಂದು ಸರಿ ಮಾಡಿದ್ರು."

"ಗೆರೆಯೆಲ್ಲಾ ಅವರದ್ದೇ ಅಮ್ಮ," ಎನ್ನುತ್ತಾರೆ ಮೇಸ್ತ್ರಿ.

ಅಮ್ಮ ಇಬ್ಬರನ್ನೂ ನೋಡಿ, "ಮೊದ್ಲು ನಾನು ಕೈಕಾಲು ತೊಳ್ಕೋಬೇಕು," ಎಂದು ತಂಗಿಯ ತೋಳು ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಹೊರಗೆ ಮೂವರು ಗಂಡಸರು ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತೇವೆ, ನೋಡಿದವರು ಏನೆಂದುಕೊಂಡಾರೋ ಎನ್ನುವ ಯೋಚನೆಯೂ ಇಲ್ಲದೆ. ವಾಕರಿನ ಟಕ್ ಟಕ್. ಚೆಂಬಿನ ಸದ್ದು. ನೀರು ಸುರಿಯುತ್ತದೆ. ಮತ್ತೆ ಸುರಿಯುತ್ತದೆ. ಗುಳುಗುಳು ಎಂದು ಜಾಲರಿ ನೀರು ಕುಡಿಯುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿದ್ದಾರೆ, ಕೈ ಜೇಬಿನ ಮೇಲಿದೆ. ಮತ್ತೆ ಟಕ್ ಟಕ್.

ಬಾಗಿಲು ತೆರೆಯುತ್ತದೆ. ಅಮ್ಮನ ಮುಖದಲ್ಲಿ ಸಿಟ್ಟು.

"ಏನ್ರೀ, ಆ ಸೋಪಿನ ಡಬ್ಬಿ ಅಷ್ಟು ಎತ್ತರಕ್ಕೆ ಯಾಕೆ ಹೊಡೆದಿದ್ದೀರಿ? ನನಗೆ ಎಟುಕ್ಬೇಕೋ ಬೇಡ್ವೋ?"

"ಅದು ನಾನೇ... ನಾಳೆ ಕೆಳಗೆ ಹೊಡೀತೀನಿ," ಎಂದು ಯಜಮಾನರು ತಡವರಿಸುತ್ತಾರೆ. ಕನ್ನಡಿ ಸೊಟ್ಟ, ಟವೆಲ್ಲಿನ ಕೊಕ್ಕೆ ಸಡಿಲ, ಬಕೆಟ್ಟಿನ ಬಣ್ಣ ನೋಡೋಕಾಗಲ್ಲ ಎಂದು ಅಮ್ಮನ ದೂರುಗಳು ವಾಕರಿನ ಜತೆ ಅಡುಗೆಮನೆಯವರೆಗೂ ಸಾಗುತ್ತವೆ.

ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ಚಪ್ಪಲಿ ಮೆಟ್ಟುತ್ತಾರೆ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ಪಿಸುಗುಡುತ್ತಾರೆ.

"ನೆಲದ ಮಾತೇ ಎತ್ಲಿಲ್ಲ, ನೋಡಿದ್ರಾ?"