ಡಬ್ಲಿನ್ನಿನ ಸೋದರಮಾವ

ತೊಂಬತ್ತರ ದಶಕದ ಆರಂಭದ ಒಂದು ಚಳಿಗಾಲವನ್ನು ನಾನು ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನಲ್ಲಿ, ನನ್ನ ತಂಗಿಯ ಮಂಚದ ಪಕ್ಕದ ಕುರ್ಚಿಯಲ್ಲಿ ಕಳೆದೆ. ಅದಕ್ಕೆ ಮೊದಲು ಎರಡು ಬಾರಿ ಅವಳ ಗರ್ಭ ನಿಂತಿರಲಿಲ್ಲ. ಈ ಸಲ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು: ದಿನ ತುಂಬುವವರೆಗೂ ಮಲಗಿಯೇ ಇರಬೇಕು. ಸಿಡ್ನಿಯ ಟೂಂಗಾಬಿಯಲ್ಲಿದ್ದ ನಾನು ಸಾರಿನ ಪುಡಿಯನ್ನೂ ಅದನ್ನು ಬಳಸುವ ಕ್ರಮವನ್ನೂ ನನ್ನ ಗಂಡನಿಗೆ ಒಪ್ಪಿಸಿ ರೈಲು ಹತ್ತಿದೆ.

ಮಲಗಿರುವುದು ನನ್ನ ತಂಗಿಯ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕಿ ನಾನು ಒಳಗೆ ಬರುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿ ನಿಂತು ಒಗ್ಗರಣೆ ಡಬ್ಬಿ ಒರೆಸುತ್ತಿದ್ದಳು.

“ಬೈಬೇಡ ಅಕ್ಕ, ಒಂದೇ ನಿಮಿಷ.”

“ಹೋಗಿ ಮಲಗು.”

“ಇದೇನು ನಿನ್ನ ಕ್ಲಾಸ್‌ರೂಮಾ?”

“ಕ್ಲಾಸ್‌ರೂಮ್ ಆಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಇಲ್ಲಿ ಮಲಗು ಅಂತಿದ್ದೀನಿ, ಪುಣ್ಯ ಅಂದ್ಕೋ.”

ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಬಹಳ ಕಾಲ ಕನ್ನಡ ಕಲಿಸಿದವಳು ನಾನು. ಗದರಿಕೆಗೆ ಕೂರದ ಮಕ್ಕಳು ಕಥೆಗೆ ಕೂರುತ್ತಾರೆ ಎಂಬುದು ಗೊತ್ತಿತ್ತು. ಆದ್ದರಿಂದ ಸಬರ್ಬಿನ ಲೈಬ್ರರಿಗೆ ಹೋಗಿ ಅಲ್ಲಿದ್ದ ಅತ್ಯಂತ ದಪ್ಪನೆಯ ಪತ್ತೇದಾರಿ ಕಾದಂಬರಿಯನ್ನು ಎತ್ತಿಕೊಂಡೆ. ಅದು ಐರ್ಲೆಂಡಿನದು. ಮುಂದಿನ ಪ್ರಧಾನಿ ಆಗಲಿದ್ದ ಮಂತ್ರಿಯೊಬ್ಬ ತನ್ನ ಡಬ್ಲಿನ್ ಮನೆಯಲ್ಲೇ, ಔತಣ ಮುಗಿಯುವ ಹೊತ್ತಿಗೆ ದೀಪ ಆರಿ ಮತ್ತೆ ಹತ್ತುವಷ್ಟರಲ್ಲಿ, ಹೆಣವಾಗುತ್ತಾನೆ. ಮೇಜಿನ ಸುತ್ತ ಇದ್ದವರೆಲ್ಲ ರಾಜ್ಯವಾಳುವವರು ಅಥವಾ ಆಳಲು ಕಾದಿದ್ದವರು.

ನನ್ನ ಪದ್ಧತಿ ಸರಳವಾಗಿತ್ತು. ಬೆಳಿಗ್ಗೆ ಒಂದು ಅಧ್ಯಾಯವನ್ನು ಪಾಠದಂತೆ ಸಿದ್ಧಪಡಿಸಿಕೊಳ್ಳುವುದು. ಊಟವಾದ ಮೇಲೆ ಅದನ್ನು ಕನ್ನಡದಲ್ಲಿ ಹೇಳುವುದು. ವಾರಪತ್ರಿಕೆಯ ಧಾರಾವಾಹಿಯಂತೆ, ಕಥೆಯೊಳಗೆ ಯಾವುದೋ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಡುವುದು. ಆದರೆ ಮೊದಲ ದಿನವೇ ತಂಗಿ ಕೈಯೆತ್ತಿದಳು.

“ಈ ಹೆಸರುಗಳು ನನ್ನ ತಲೆಗೆ ಹತ್ತಲ್ಲ. ಯಾರು ಯಾರಿಗೆ ಏನಾಗ್ಬೇಕು, ಅದನ್ನ ಹೇಳು.”

ಮಂತ್ರಿ ದಂಪತಿಯನ್ನು ಬಿಟ್ಟರೆ ಅವರು ಯಾರೂ ಯಾರಿಗೂ ಏನೂ ಆಗಬೇಕಿರಲಿಲ್ಲ. ಆದರೂ ಅವಳ ಅನುಕೂಲಕ್ಕೆಂದು ನಾನೇ ನಂಟು ಹಂಚಿದೆ. ಪ್ರಧಾನಿ ದೊಡ್ಡಪ್ಪನಾದರು, ಸತ್ತ ಮಂತ್ರಿ ಚಿಕ್ಕಪ್ಪ, ಅವನ ಹೆಂಡತಿ ಚಿಕ್ಕಮ್ಮ, ವಿರೋಧ ಪಕ್ಷದ ನಾಯಕ ಷಡ್ಡಕ. ಮಂತ್ರಿಯ ಆಪ್ತ ಕಾರ್ಯದರ್ಶಿ, ಸೌಮ್ಯ ಸ್ವಭಾವದ ನಡುವಯಸ್ಸಿನವನು, ಸೋದರಮಾವನಾದ. ಇನ್ಸ್‌ಪೆಕ್ಟರ್ ಇನ್ಸ್‌ಪೆಕ್ಟರ್ ಆಗಿಯೇ ಉಳಿದ.

ಅಲ್ಲಿಂದ ಮುಂದೆ ಕಥೆ ಸರಾಗವಾಗಿ ಸಾಗಿತು. ಸಂಜೆ ಆಫೀಸಿನಿಂದ ಬಂದ ತಂಗಿಯ ಗಂಡ ಶೂ ಬಿಚ್ಚುವಾಗಲೇ ಕೇಳುತ್ತಿದ್ದ:

“ಸಿಕ್ಕಿದನಾ ಕೊಲೆಗಾರ?”

“ಷಡ್ಡಕನೇ. ಅನುಮಾನವೇ ಇಲ್ಲ” ಎನ್ನುವಳು ತಂಗಿ.

“ಅಯ್ಯೋ, ಟೂಂಗಾಬಿ ಭಾವನಿಗೆ ನಾನೇ ಅಲ್ವೇನೇ ಷಡ್ಡಕ? ನಾನು ಆಫೀಸಲ್ಲಿದ್ದೆ ಮಾರಾಯ್ತಿ!”

ಸೋದರಮಾವನನ್ನು ಮಾತ್ರ ಅವಳು ಮುಟ್ಟಲಿಲ್ಲ. ಅವನ ಬೂಟಿನಲ್ಲಿ ತೋಟದ ಕೆಸರು ಸಿಕ್ಕಿತು: “ಪಾಪ, ಗಾಳಿಗೆ ಹೋಗಿರ್ತಾನೆ.” ಅವನು ಕಾಗದಗಳನ್ನು ಸುಟ್ಟದ್ದು ಬಯಲಾಯಿತು: “ಚಿಕ್ಕಪ್ಪನ ಮಾನ ಉಳಿಸಕ್ಕೆ ಸುಟ್ಟಿದ್ದಾನೆ, ಅಷ್ಟೂ ಗೊತ್ತಾಗಲ್ವಾ?” ಕಾರಣ ನನಗೆ ತಿಳಿದಿತ್ತು. ನಮ್ಮ ತಂದೆ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಬೆಳೆಸಿದವರು ಅಮ್ಮನ ಅಣ್ಣ. ಇವಳನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು, ಮದುವೆಯ ಮಂಟಪಕ್ಕೆ ಎತ್ತಿ ತಂದವರು ಅವರೇ. ಆ ಪದವನ್ನು ಡಬ್ಲಿನ್ನಿನ ಯಾವನಿಗೋ ಅಂಟಿಸಿದ ಮೇಲೆ ಅವನನ್ನು ಸಂಶಯಿಸುವುದು ಅವಳಿಂದಾಗದ ಕೆಲಸ.

ಒಂದು ಬೆಳಿಗ್ಗೆ ಪಾಠ ಸಿದ್ಧಪಡಿಸುತ್ತ ಕೊನೆಯ ಅಧ್ಯಾಯ ತಲುಪಿದೆ. ಕೊಂದವನು ಸೋದರಮಾವ. ವೈದ್ಯರು ಹೇಳಿದ ದಿನಕ್ಕೆ ಇನ್ನೂ ಹಲವು ವಾರಗಳಿದ್ದವು. ಪುಸ್ತಕ ಮುಗಿದರೆ ಇವಳನ್ನು ಮಲಗಿಸುವುದು ಹೇಗೆ, ಮನಸ್ಸು ಕಲಕಿದರೆ ಏನು ಗತಿ ಎಂದು ಯೋಚಿಸಿದೆ. ಕೊಲೆಯನ್ನು ಷಡ್ಡಕನ ಕೊರಳಿಗೇ ಕಟ್ಟಿಬಿಡಬಹುದಿತ್ತು. ಆದರೆ ಬರೆದವರು ಆರಿಸಿದ ಕೊಲೆಗಾರನನ್ನು ಬದಲಿಸುವ ಅಧಿಕಾರ ಪಾಠ ಹೇಳುವವಳಿಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ತಂಗಿ ಮೊಣಕೈ ಊರಿ ಅರ್ಧ ಎದ್ದಳು.

“ಸುಳ್ಳು. ಆ ಇನ್ಸ್‌ಪೆಕ್ಟರಿಗೆ ತಲೆ ಇಲ್ಲ.” ಹಾಗೆಂದು ಮತ್ತೆ ದಿಂಬಿಗೆ ಒರಗಿ ರಜಾಯಿಯನ್ನು ಕುತ್ತಿಗೆವರೆಗೆ ಎಳೆದುಕೊಂಡಳು. “ಮೊದಲನೇ ಪುಟದಿಂದ ತೆಗಿ. ಈ ಸಲ ಒಂದು ಮಾತೂ ಬಿಡ್ಬೇಡ.”

ಎರಡನೆಯ ಓದು ಮೊದಲನೆಯದಕ್ಕಿಂತ ಬಹಳ ನಿಧಾನವಾಯಿತು. ಅವಳು ಸೋದರಮಾವನ ವಕೀಲೆಯಾಗಿ ಪ್ರತಿ ಸಾಕ್ಷಿಯನ್ನೂ ತಡೆದು ಪ್ರಶ್ನಿಸಿದಳು. ಔತಣದ ದೀಪ ಆರಿದಾಗ ಚಿಕ್ಕಮ್ಮ ಎಲ್ಲಿದ್ದಳೆಂದು ಆ ಇನ್ಸ್‌ಪೆಕ್ಟರ್ ಕೇಳಿಯೇ ಇಲ್ಲವೆಂದು ತೋರಿಸಿಕೊಟ್ಟಳು. ಪುಟ ತಿರುವಿ ನೋಡಿದರೆ ನಿಜವಾಗಿಯೂ ಕೇಳಿರಲಿಲ್ಲ. ಕುಕ್ಕರ್ ಕೂಗಿದರೆ, “ನೀನೇ ಹೋಗು, ನಾನು ಯೋಚನೆ ಮಾಡ್ತಿದ್ದೀನಿ” ಎನ್ನುವಳು. ಅಡುಗೆಮನೆಯ ಕಡೆಗೆ ಅವಳ ಕಣ್ಣೂ ಹೊರಳುತ್ತಿರಲಿಲ್ಲ. ಲೈಬ್ರರಿಯಲ್ಲಿ ನಾನು ಆ ಪುಸ್ತಕದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿಕೊಂಡೆ. ಅಷ್ಟು ತೃಪ್ತಿಯಿಂದ ನಾನು ತರಗತಿಯಲ್ಲೂ ಪಾಠ ಮಾಡಿದ್ದು ಕಡಿಮೆ.

ವೈದ್ಯರು ಬಯಸಿದ್ದ ವಾರದಲ್ಲೇ, ವಿಚಾರಣೆ ಇನ್ನೂ ಅರ್ಧದಲ್ಲಿರುವಾಗ, ನೋವು ಶುರುವಾಯಿತು. ಹೆಣ್ಣುಮಗು. ಮೈ ತುಂಬಿಕೊಂಡು, ಕಾರಿಡಾರಿಗೆಲ್ಲ ಕೇಳುವಂತೆ ಅಳುತ್ತಿತ್ತು. ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಕೋಣೆಗೆ ಹೋದಾಗ ತಂಗಿ ಮಗುವನ್ನು ಎದೆಗವಚಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು.

“ಅಕ್ಕ, ಈಗ ಏಳಬಹುದಾ?”

“ಏಳು” ಎಂದೆ. ಅವಳು ನನ್ನ ತೋಳು ಹಿಡಿದು ಎದ್ದು ನಿಂತಳು. ಮೂವರೂ ನಿಧಾನವಾಗಿ ಕಿಟಕಿಯವರೆಗೆ ನಡೆದೆವು.