ಬಂಡೆಯೇರುವ ನೀಲಕ್ಕ

ಸೋಮವಾರ ಬೆಳಿಗ್ಗೆ ನೀಲಕ್ಕನ ಬೆರಳುಗಳನ್ನು ನೋಡಿದರೆ ಭಾನುವಾರ ಹೇಗೆ ಕಳೆಯಿತೆಂದು ಹೇಳಬಹುದಿತ್ತು. ಗೆಣ್ಣುಗಳ ಚರ್ಮ ತರಚಿರುತ್ತಿತ್ತು. ಒಂದೆರಡು ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಅದೇ ಕೈಯಲ್ಲಿ ಡ್ರಾಫ್ಟುಗಳಿಗೆ ಸಹಿ ಹಾಕುತ್ತಿದ್ದರು. ವಿಜಯವಾಡದ ನಮ್ಮ ಬ್ಯಾಂಕಿಗೆ ಬರುವ ಅಕ್ಕಿ ವ್ಯಾಪಾರಿಗಳು ಕನಿಕರದಿಂದ ಕೇಳುವರು: "ಏಮಮ್ಮಾ, ವಂಟಿಂಟ್ಲೋ ಚೆಯ್ಯಿ ಕಾಲಿಂದಾ?" ಅಡುಗೆಮನೆಯಲ್ಲಿ ಕೈ ಸುಟ್ಟಿತೇ ಎಂದು. ನೀಲಕ್ಕ ತಲೆಯೆತ್ತದೆ, "ಲೇದಂಡಿ, ಕೊಂಡ ಎಕ್ಕಾನು" ಎನ್ನುತ್ತಿದ್ದರು. ಬೆಟ್ಟ ಹತ್ತಿದೆ ಎಂದರೆ ಆ ಊರಿನಲ್ಲಿ ಒಂದೇ ಅರ್ಥ, ಬೆಟ್ಟದ ಮೇಲಿನ ದೇವಿಯ ಗುಡಿಗೆ ಹೋಗಿಬಂದೆ ಎಂದು. "ದುರ್ಗಮ್ಮ ಗುಡಿಕಾ! ಮಂಚಿದಮ್ಮಾ" ಎಂದು ಅವರು ಕೈಮುಗಿದು ಹೋಗುತ್ತಿದ್ದರು.

ನೀಲಕ್ಕ ಬಾದಾಮಿಯವರು. ಕೆಂಪು ಬಂಡೆಗಳ ಬುಡದಲ್ಲೇ ಹುಟ್ಟಿ ಬೆಳೆದವರು. ಕಾಲೇಜಿನ ದಿನಗಳಲ್ಲಿ ಯಾವುದೋ ಶಿಬಿರದಲ್ಲಿ ಹಗ್ಗ ಕಟ್ಟಿಕೊಂಡು ಹತ್ತುವುದನ್ನು ಕಲಿತು, ಆಮೇಲೆ ಬಿಡಲೇ ಇಲ್ಲ. ಬ್ಯಾಂಕು ಅವರನ್ನು ಎಲ್ಲಿಗೆ ವರ್ಗ ಮಾಡಿದರೂ ಮೊದಲು ಬಾಡಿಗೆ ಮನೆ ನೋಡುತ್ತಿರಲಿಲ್ಲ, ಹತ್ತಿರ ಬಂಡೆ ಎಲ್ಲಿದೆಯೆಂದು ವಿಚಾರಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಮೈಸೂರಿನಿಂದ ಗುಮಾಸ್ತೆಯಾಗಿ ಹೊಸದಾಗಿ ಬಂದಿದ್ದ ನಾನು ಅವರ ಮಹಡಿಮನೆಯಲ್ಲೇ ಒಂದು ಕೋಣೆ ಹಿಡಿದೆ. ನನಗೆ ಕುರ್ಚಿ ಹತ್ತಿ ಬಲ್ಬು ಬದಲಿಸಲೂ ಭಯ. ಅದನ್ನು ಒಮ್ಮೆ ಕಂಡು ಅವರು, "ಅಂಜಿಕಿ ಇದ್ದವರೇ ಬೇಕು ನನಗ. ಅಂಜಿಕಿ ಇಲ್ಲದವರು ಗಂಟು ಸರಿಯಾಗಿ ಕಟ್ಟಂಗಿಲ್ಲ. ಬಾ ಸುಮಾ," ಎಂದು ಮುಂದಿನ ಭಾನುವಾರವೇ ಕೊಂಡಪಲ್ಲಿಯ ಗುಡ್ಡಕ್ಕೆ ಕರೆದೊಯ್ದರು.

ಅವರು ಹತ್ತುವ ಬಗೆಯೇ ಬೇರೆ. ಬಂಡೆಗೆ ಮೊಳೆ ಹೊಡೆಯುವುದು ಅವರಿಗೆ ಸೇರುತ್ತಿರಲಿಲ್ಲ. ಮುಂದೆ ಹತ್ತುವವರು ಬಿರುಕು ಕಂಡಲ್ಲಿ ಸಣ್ಣ ಲೋಹದ ಬೆಣೆ ಸಿಕ್ಕಿಸಿ, ಅದಕ್ಕೆ ಹಗ್ಗ ತೊಡಿಸುತ್ತ ಹೋಗಬೇಕು. ಹಿಂದೆ ಬರುವವರು ಒಂದೊಂದನ್ನೇ ಬಿಡಿಸಿಕೊಂಡು ಬರಬೇಕು. "ನಾವು ಬಂದು ಹೋಗಿದ್ದು ಕಲ್ಲಿಗೆ ಗೊತ್ತಾಗಬಾರದು," ಎನ್ನುತ್ತಿದ್ದರು. ಬೆಣೆಯನ್ನು ನಾನು ಎಲ್ಲೋ ತುರುಕಿದರೆ ಒಂದೇ ಸಲ ಜಗ್ಗಿ ಕಿತ್ತು ಕೈಗೆ ಕೊಡುತ್ತಿದ್ದರು. ಬೈಯುತ್ತಿರಲಿಲ್ಲ. "ಇದರ ಮ್ಯಾಲ ನಿಮ್ಮವ್ವನ್ನ ನಿಲ್ಲಸ್ತೀಯೇನ?" ಎಂದು ಕೇಳುವರು, ಅಷ್ಟೇ. ಮತ್ತೆ ಹುಡುಕಬೇಕಾಗುತ್ತಿತ್ತು.

ವಿಶಾಖಪಟ್ಟಣದಾಚೆ, ರೈಲು ಸುರಂಗಗಳನ್ನು ನುಸುಳಿ ಏರುವ ಘಟ್ಟದಲ್ಲಿ, ಒಂದು ಎತ್ತರದ ಬೆಟ್ಟ ಅವರ ಮನಸ್ಸಿನಲ್ಲಿ ಕೂತಿತ್ತು. ಅದರ ಪೂರ್ವದ ಮುಖದಲ್ಲಿ ಬುಡದಿಂದ ನೆತ್ತಿಯವರೆಗೆ ಒಂದೇ ಬಿರುಕು. ಹಿಂದೆ ಒಮ್ಮೆ ಮಳೆ ಬಂದು, ಇನ್ನೊಮ್ಮೆ ಜೊತೆಗಾರನಿಗೆ ಜ್ವರ ಬಂದು, ಅರ್ಧಕ್ಕೇ ಇಳಿದಿದ್ದರಂತೆ. ಹಬ್ಬದ ರಜೆ ಸೋಮವಾರಕ್ಕೆ ಬಿದ್ದ ಒಂದು ವಾರಾಂತ್ಯದಲ್ಲಿ, ಶನಿವಾರ ಮಧ್ಯಾಹ್ನ ಬ್ಯಾಂಕು ಮುಚ್ಚಿದ ಕೂಡಲೇ ನನ್ನನ್ನು ರೈಲು ಹತ್ತಿಸಿದರು. ವಿಶಾಖಪಟ್ಟಣದಲ್ಲಿ ಸತ್ಯಂ ಸೇರಿಕೊಂಡ. ಬಂದರಿನ ನೌಕರ, ತಾಯಿ ಬಳ್ಳಾರಿಯವರು, ಅವನ ಕನ್ನಡದಲ್ಲಿ ಅರ್ಧ ತೆಲುಗು. ಭಾನುವಾರ ಬೆಟ್ಟದ ಬುಡದ ಹಳ್ಳಿ ಮುಟ್ಟಿ, ಸೋಮವಾರ ಬೆಳಕು ಹರಿಯುತ್ತಲೇ ಏರತೊಡಗಿದೆವು.

ಆ ದಿನ ನೀಲಕ್ಕ ಹತ್ತಿದ್ದನ್ನು ನಾನು ಮರೆತಿಲ್ಲ. ಅವಸರವಿಲ್ಲ, ಏದುಸಿರಿಲ್ಲ. ಹೆಬ್ಬಂಡೆಯ ಸಂದಿನಲ್ಲಿ ಕೈಯನ್ನು ಮುಷ್ಟಿ ಮಾಡಿ ತಿರುವಿ, ಅದರ ಮೇಲೆ ಭಾರ ಬಿಟ್ಟು, ಇನ್ನೊಂದು ಕೈಯಿಂದ ಸೊಂಟದ ಬೆಣೆಗಳನ್ನು ತಡವುವರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾವು ಮೂವರೂ ಒಂದು ಕಿರಿದಾದ ಜಗಲಿಯಂಥ ಕಲ್ಲಿನ ಮೇಲಿದ್ದೆವು. ನೆತ್ತಿ ಕಾಣುತ್ತಿತ್ತು. ಇನ್ನು ಉಳಿದದ್ದು ಒಂದೇ ಏರು. ನೀಲಕ್ಕ ಮುಂದೆ ಹೋದರು. ಸ್ವಲ್ಪ ದೂರ ಹೋಗಿ ನಿಂತರು. ಬಹಳ ಹೊತ್ತು ನಿಂತೇ ಇದ್ದರು. ಆಮೇಲೆ ಸದ್ದಿಲ್ಲದೆ ಹೆಜ್ಜೆ ಹೆಜ್ಜೆಯಾಗಿ ಕೆಳಗಿಳಿದು ಬಂದರು.

"ಹೆಜ್ಜೇನು ಐತಿ," ಎಂದರು ಪಿಸುದನಿಯಲ್ಲಿ. "ಮೊರದಷ್ಟು ಅಗಲ. ದಾರಿ ಅದರ ಕೆಳಗ ಹೋಗ್ತೈತಿ."

"ಅಕ್ಕಾ, ಮೆಲ್ಲಗಾ ಹೋದ್ರೆ ಏನೂ ಮಾಡಲ್ಲಂಡಿ," ಎಂದ ಸತ್ಯಂ. "ಇಂತ ದೂರಂ ಬಂದು ವಾಪಸ್ಸಾ?"

"ಹೋಗಬಹುದು. ನೀ ಹೋಗ್ತಿ, ನಾ ಹೋಗ್ತೀನಿ. ಸುಮಾ ನಡುವ ಇದ್ದಾಗ ಹುಳ ಎದ್ದರ?"

"ನನಗೋಸ್ಕರ ಬೇಡ ಅಕ್ಕಾ," ಎಂದೆ. "ನೀವಿಬ್ಬರೂ ಹೋಗಿಬನ್ನಿ, ನಾನಿಲ್ಲೇ ಕೂತಿರ್ತೀನಿ."

"ಕುಂತಾಕಿನ್ನ ಕಡೀಬಾರದಂತ ಅವಕ್ಕ ಯಾರರ ಹೇಳ್ಯಾರೇನ?" ಎಂದು ನಕ್ಕರು. ನಗುತ್ತಲೇ ಒಮ್ಮೆ ನೆತ್ತಿಯ ಕಡೆ ನೋಡಿದರು. ಆಮೇಲೆ ಬಗ್ಗಿ, ಇಳಿಯಲು ಹಗ್ಗ ಬಿಚ್ಚತೊಡಗಿದರು.

ಇಳಿದ ಮೇಲೆ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳಬಹುದು. ಅದನ್ನು ಹಿಡಿದುಕೊಂಡ ಬೆಣೆಗಳು ಮಾತ್ರ ಮೇಲೆಯೇ ಉಳಿಯುತ್ತವೆ. ಆ ಕಾಲಕ್ಕೆ ಅವು ಇಲ್ಲಿ ಸಿಗುತ್ತಿರಲಿಲ್ಲ. ಸತ್ಯಂ ಒಂದು ಸಾಕೆಂದ. ನೀಲಕ್ಕ ತಮ್ಮಲ್ಲಿದ್ದ ಒಳ್ಳೆಯವನ್ನೇ ಆರಿಸಿ ಎರಡು ಸಿಕ್ಕಿಸಿದರು. "ಕಬ್ಬಿಣ ಇಲ್ಲೇ ಇರಲಿ, ಮಂದಿ ಮನಿಗೆ ಹೋಗಲಿ." ನಮ್ಮಿಬ್ಬರನ್ನೂ ಮೊದಲು ಕೆಳಗಿನ ಇನ್ನೊಂದು ಜಗಲಿಗೆ ಇಳಿಸಿದರು.

ಅವರು ಹಗ್ಗದ ನಡುವೆ ಇದ್ದಾಗಲೇ ಒಂದು ಹದ್ದು ಮೇಲೆ ಜೇನು ಕಟ್ಟಿದ್ದ ಚಾಚುಬಂಡೆಯ ಹತ್ತಿರ ಎರಗಿತು. ಜೇನು ಎದ್ದಿತು. ಕಪ್ಪು ಹೊಗೆಯಂತೆ ಅದು ಸುಳಿದದ್ದು, ನಾವು ಹತ್ತಬೇಕಿದ್ದ ಅದೇ ಬಿರುಕಿನ ತುಂಬ. ಕೆಲವು ಹುಳ ಕೆಳಗೂ ಬಂದವು. ನಾವು ನೋಡುತ್ತಿದ್ದೆವು: ಕೆನ್ನೆಗೆ, ಕತ್ತಿಗೆ, ರೆಪ್ಪೆಗೆ ಕಡಿಯುತ್ತಿವೆ, ನೀಲಕ್ಕ ಹಗ್ಗ ಹಿಡಿದ ಕೈಯನ್ನು ಎತ್ತಲಿಲ್ಲ. ಮುಖ ಒರೆಸಿಕೊಳ್ಳಲೂ ಇಲ್ಲ. ಅದೇ ನಿಧಾನದಲ್ಲಿ ಬಂದು ನಮ್ಮ ಪಕ್ಕ ಕಾಲೂರಿ, ತಮ್ಮನ್ನು ಬಂಡೆಗೆ ಕಟ್ಟಿಕೊಂಡ ಮೇಲೆಯೇ "ಅಯ್ಯಯ್ಯವ್ವಾ" ಎಂದರು. ಸತ್ಯಂ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದ.

ವಾಪಸ್ಸಿನ ರೈಲಿನಲ್ಲಿ, ಊದಿದ ಮುಖದಲ್ಲಿ ಒಂದೇ ಕಣ್ಣು ತೆರೆದುಕೊಂಡು, ಅವರು ಹೇಳಿದರು: "ನನಗ ವರ್ಗ ಆಗೈತಿ ಸುಮಾ. ಕಲಬುರ್ಗಿಗೆ. ಮುಂದಿನ ವಾರ ಹೊಂಟೆ."

ಅದು ಅವರ ಕೊನೆಯ ಅವಕಾಶವಾಗಿತ್ತೆಂದು ನನಗೆ ಆಗ ತಿಳಿದದ್ದು. "ಮೊದಲೇ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲವಲ್ಲ ಅಕ್ಕಾ. ನೀವಿಬ್ಬರೇ ಹತ್ತಿಬಿಡಬಹುದಿತ್ತು."

"ಹೌದಲ್ಲ, ಅದಕ್ಕ ಹೇಳಲಿಲ್ಲ," ಎಂದರು. "ವರ್ಗ ಆಗೂದು ನಮಗ. ಬೆಟ್ಟಕ್ಕೇನ ಆಗತೈತಿ?"

ಕೆಲವು ವರ್ಷಗಳ ನಂತರ, ಜೇನು ಗೂಡು ಬಿಟ್ಟು ಹೋದ ಒಂದು ಚಳಿಗಾಲದಲ್ಲಿ ಸತ್ಯಂ ಮತ್ತು ನಾನು ಆ ಬೆಟ್ಟವನ್ನು ಹತ್ತಿದೆವು. ಕೊನೆಯ ಏರಿನಲ್ಲಿ ಮುಂದೆ ಹೋದವಳು ನಾನು. ಸುದ್ದಿ ಹೇಳಲು ಬಾದಾಮಿಗೇ ಹೋದೆ. ನೀಲಕ್ಕ ಅಲ್ಲಿ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಬರುವ ಯುಗಾದಿಯನ್ನು ಅವರು ಕಾಣುವುದಿಲ್ಲವೆಂದು ತಂಗಿ ಬಾಗಿಲಲ್ಲೇ ಹೇಳಿದ್ದರು. ಹಾಗೆಯೇ ಆಯಿತು.

ಯಾವ ಬಿರುಕಿನಲ್ಲಿ ಯಾವ ಬೆಣೆ ಎಂದು ನಾನು ಉತ್ಸಾಹದಿಂದ ಶುರುಮಾಡಿದೆ. ಅವರು ಕೈಯಾಡಿಸಿ ತಡೆದರು.

"ಅದೆಲ್ಲಾ ನನಗ ಗೊತ್ತೈತಿ. ಮ್ಯಾಲ ನಿಂತರ ಆಚಿ ಕಡಿ ಏನ ಕಾಣತೈತಿ, ಅದನ್ನ ಹೇಳು."

"ಆಚೆ ಒಂದು ದೊಡ್ಡ ಕಣಿವೆ ಅಕ್ಕಾ. ಪೂರ್ತಿ ಹಳದಿ. ಹುಚ್ಚೆಳ್ಳು ಹೂ ಬಿಟ್ಟಿತ್ತು."

"ಗುರೆಳ್ಳ!" ಎಂದರು, ಹುಚ್ಚೆಳ್ಳಿಗೆ ತಮ್ಮೂರಿನ ಹೆಸರು ಹಿಡಿದು. ಮುಖ ಅರಳಿತು. "ನಾ ಬರೇ ಕಲ್ಲ ಇರತೈತಿ ಅಂದ್ಕೊಂಡಿದ್ದೆ."

ಕಣ್ಣು ಮುಚ್ಚಿಕೊಂಡು, ಇನ್ನೊಮ್ಮೆ ಹೇಳು ಎಂದರು. ನಾನು ಹೊಲ ಹೊಲವಾಗಿ, ಬದು ಬದುವಾಗಿ, ಕಣಿವೆಯ ಆ ತುದಿಯವರೆಗೂ ಹೇಳುತ್ತ ಹೋದೆ.