ಮಂಜುನಾಥನ ಎಂಜಿನ್ ಸುಟ್ಟ ದಿನ

ಆ ಎಂಜಿನ್ ಸುಟ್ಟದ್ದು ನನ್ನಿಂದ. ರುದ್ರೇಶನಿಂದ ಅಲ್ಲ. ಇಷ್ಟನ್ನು ಅಂದೇ, ಶಾಮನೂರಿನ ಆಚೆಯ ಆ ಬಯಲಿನಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಒಬ್ಬ ಮನುಷ್ಯ ತಾನು ಮಾಡದ ತಪ್ಪನ್ನು ತನ್ನದೆಂದು ನಂಬಿ ನನ್ನ ಕಣ್ಣೆದುರೇ ಕುಸಿದು ಕೂತಾಗಲೂ — ಹೇಳಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ದಾವಣಗೆರೆಯ ಒಂದು ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಹರಿಹರದಲ್ಲಿ ರುದ್ರೇಶನ ಗ್ಯಾರೇಜು. ಅವನ ತಮ್ಮ ಮಂಜುನಾಥ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಓಡಿಸುವವನು. ಅಣ್ಣ ಎಂಜಿನ್ ಕಟ್ಟುವನು, ತಮ್ಮ ಗೆಲ್ಲುವನು. ಬೈಕಿನ ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಹಾರುವ ಸಮಯವನ್ನು ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಬರೆದಿಡಬಹುದೆಂದು ಯಾರಿಂದಲೋ ಕೇಳಿ, ಮಂಜು ನನ್ನನ್ನು ಹುಡುಕಿಕೊಂಡು ಬಂದಿದ್ದ.

ಪಿಸ್ಟನ್ ಮೇಲೇರಿ ತುದಿ ಮುಟ್ಟುವ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದು ವೇಗಕ್ಕೆ ತಕ್ಕಂತೆ ಬದಲಾಗಬೇಕು. ಆ ಎಂಜಿನ್ನಿಗಂತೂ ವೇಗ ತೀರಾ ಏರಿದಾಗ ಕಿಡಿಯನ್ನು ತಡ ಮಾಡಲೇಬೇಕಿತ್ತು. ಬೇಗ ಹಾರಿದರೆ ಒಳಗಿನ ಕಾವು ಪಿಸ್ಟನ್ನನ್ನೇ ಕರಗಿಸಿಬಿಡುತ್ತದೆ. ನಾನು ಒಂದು ಪುಟ್ಟ ಡಬ್ಬಿ ಮಾಡಿ, ಅದರ ಚಿಪ್ಪಿನಲ್ಲಿ ಈ ಲೆಕ್ಕವನ್ನೆಲ್ಲ ತುಂಬಿದೆ. ಮೊದಲ ಸಲ ಓಡಿಸಿ ಬಂದ ಮಂಜು ಹೆಲ್ಮೆಟ್ ತೆಗೆಯುವ ಮೊದಲೇ ನಗುತ್ತಿದ್ದ. ರುದ್ರೇಶ ಮಾತ್ರ ನಗಲಿಲ್ಲ.

ಅವನು ಒರಟು. ಬಾಯಿ ಜೋರು. ಗ್ಯಾರೇಜಿಗೆ ಬಂದವರ ಮುಂದೆಲ್ಲ, “ಟೀಚರಮ್ಮ ಎಂಜಿನ್ನಿಗೆ ಪಾಠ ಹೇಳಾಕ ಬಂದಾರ, ಕೂಡ್ರಿ, ನೀವೂ ಕೇಳ್ರಿ” ಎನ್ನುತ್ತಿದ್ದ. ಅವರು ನಗುತ್ತಿದ್ದರು. ನಾನೂ ನಕ್ಕಂತೆ ಮಾಡುತ್ತಿದ್ದೆ. ಒಳಗೊಳಗೆ — ಒಂದು ದಿನ ಇವನ ಬಾಯಿ ಮುಚ್ಚಿಸಬೇಕು ಅನ್ನಿಸುತ್ತಿತ್ತು. ಅದನ್ನು ಮುಚ್ಚಿಡಲಾರೆ.

ರೇಸಿನ ಮುನ್ನಾದಿನ ಮಂಜು ಇನ್ನಷ್ಟು ಎಳೆತ ಬೇಕೆಂದ. ನಾನು ಚಿಪ್ಪನ್ನು ಹೊಸದಾಗಿ ಬರೆದೆ. ತರಗತಿಗೆ ಹೊತ್ತಾಗಿತ್ತು. ಬರೆದದ್ದನ್ನು ಮತ್ತೊಮ್ಮೆ ಓದಿ ನೋಡುವುದು ನನ್ನದೇ ನಿಯಮ, ದಿನವೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ನಿಯಮ. ಅವತ್ತು ನೋಡಲಿಲ್ಲ.

ಮರುದಿನ ಬಯಲಿನಲ್ಲಿ ಜನವೋ ಜನ. ಧೂಳು ಏಳದಂತೆ ಟ್ಯಾಂಕರಿನವರು ನೀರು ಹೊಡೆಯುತ್ತಿದ್ದರು. ಅಭ್ಯಾಸದ ಸುತ್ತಿನಲ್ಲಿ ಮಂಜು ನಮ್ಮೆದುರಿನ ನೇರ ದಾರಿಯಲ್ಲಿ ಪೂರ್ತಿ ವೇಗಕ್ಕೆ ಏರಿದ. ಆಗ ಕೇಳಿಸಿತು — ಡಬ್ಬದಲ್ಲಿ ಜಲ್ಲಿ ಹಾಕಿ ಕುಲುಕಿದಂಥ ಸದ್ದು. ಕ್ಷಣ ಮಾತ್ರ. ರುದ್ರೇಶ ನನ್ನ ಕಡೆ ತಿರುಗಿದ.

“ಕೇಳಿಸ್ತಾ? ಆ ಸೌಂಡ್ ಸರಿ ಇಲ್ಲ. ನಿಮ್ ಡಬ್ಬಿ ಬ್ಯಾಡ, ಹಳೇದು ಹಾಕ್ತೀನಿ.”

ಸುತ್ತ ನಿಂತಿದ್ದವರೆಲ್ಲ ನನ್ನನ್ನೇ ನೋಡಿದರು. ನನಗೂ ಕೇಳಿಸಿತ್ತು. ಮೇಲಿನ ವೇಗದ ಅಂಕಿಗಳನ್ನು ನಿನ್ನೆ ಕಳೆದೆನೋ, ಕೂಡಿಸಿದೆನೋ? ಒಂದೇ ಮಾತು ಸಾಕಿತ್ತು: ಹಳೆಯದನ್ನೇ ಹಾಕಿ. ನನ್ನ ಬಾಯಿಂದ ಬಂದದ್ದು ಬೇರೆ.

“ನನ್ನ ಚಿಪ್ ಸರಿಯಾಗಿದೆ. ನಿಮ್ಮ ಜೆಟ್ ನೋಡಿಕೊಳ್ಳಿ. ಪೆಟ್ರೋಲ್ ಸಾಲುತ್ತಿಲ್ಲ, ಅದಕ್ಕೇ ಈ ಸದ್ದು.”

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಸಣ್ಣ ತಿರುಪು ಅದು, ಜೆಟ್. ನಾನು ಹೇಳಿದ್ದು ಆಗಬಹುದಾದ ಮಾತೇ. ಪೆಟ್ರೋಲ್ ಕಡಿಮೆಯಾದರೂ ಅದೇ ಸದ್ದು ಬರುತ್ತದೆ. ರುದ್ರೇಶನ ಮುಖದಲ್ಲಿ ಮೊದಲ ಸಲ ಅನುಮಾನ ಕಂಡೆ. ನನಗೆ — ಹೇಗೆ ಹೇಳಲಿ — ಖುಷಿಯಾಯಿತು.

ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ರುದ್ರೇಶ ಮಣ್ಣಿನಲ್ಲಿ ಮಂಡಿಯೂರಿ, ಸುಡುವ ಎಂಜಿನ್ನಿಗೆ ಕೈ ತಗುಲಿಸಿಕೊಳ್ಳುತ್ತ ಜೆಟ್ ಬಿಚ್ಚಿ ದೊಡ್ಡದನ್ನು ಹಾಕಿದ. ಮಂಜು ಅವಸರ ಮಾಡುತ್ತಿದ್ದ. “ಆತೇನಣ್ಣ? ಆತಾ?” ಅವನು ಓಟ ಶುರುವಾಗುವ ಗೆರೆಯತ್ತ ಹೋಗುವಾಗಲೂ ಕೈಯೆತ್ತಿ ನಿಲ್ಲಿಸಬಹುದಿತ್ತು. ನಾನು ದುಪಟ್ಟಾದ ತುದಿ ಹಿಡಿದು ನಿಂತಿದ್ದೆ.

ಎರಡನೆಯ ಸುತ್ತಿನಲ್ಲಿ ಅವನೇ ಮುಂದಿದ್ದ. ಅದೇ ನೇರ ದಾರಿ. ಅದೇ ಜಲ್ಲಿಯ ಸದ್ದು, ಈ ಸಲ ನಿಲ್ಲದೆ. ಆಮೇಲೆ ಸದ್ದೇ ಇಲ್ಲ. ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಂಡಿತು. ಮಂಜು ಹಾರಿಬಿದ್ದ. ಹಿಂದೆ ಬರುತ್ತಿದ್ದ ಬೈಕಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ — ಅದು ಅವನ ಕಾಲಿನ ಮೇಲೆಯೇ ಹಾದುಹೋಯಿತು.

ಸಂಜೆ ಆಸ್ಪತ್ರೆಯ ವರಾಂಡದಲ್ಲಿ ರುದ್ರೇಶ ನೆಲದ ಮೇಲೆ ಕೂತಿದ್ದ. ಬಿದ್ದ ಹೊಡೆತಕ್ಕೆ ಕಾರ್ಬ್ಯುರೇಟರ್ ಒಡೆದು, ಜೆಟ್ ಮಣ್ಣಿನಲ್ಲಿ ಎಲ್ಲೋ ಕಳೆದುಹೋಗಿತ್ತು. ಪಿಸ್ಟನ್ನಿನ ನೆತ್ತಿಯಲ್ಲಿ ತೂತು. ಅವನು ತನ್ನ ಅಂಗೈಯನ್ನೇ ನೋಡುತ್ತಿದ್ದ.

“ಎರಡೂ ಜೆಟ್ ಒಂದೇ ಕೈಯಾಗ ಇದ್ವು. ಗಡಿಬಿಡಿಯಾಗ ಸಣ್ಣದನ್ನಽ ವಾಪಸ್ ಹಾಕ್ಬಿಟ್ಟೆ ಅನ್ಸುತ್ತ. ನೀವು ಸರಿಯಾಗೇ ಹೇಳಿದ್ರಿ ಮೇಡಮ್ಮರ. ನಾನಽ ಅವನ ಕಾಲು ತೆಗೆದೆ.”

ಅಷ್ಟು ದಿನ ಟೀಚರಮ್ಮ ಎಂದು ಅಣಕಿಸಿದವನು ಮೇಡಮ್ಮರ ಎಂದ. ನಾನು ಏನೂ ಅನ್ನಲಿಲ್ಲ.

ಮರುದಿನ ಮಧ್ಯಾಹ್ನ, ಕೇಂದ್ರ ಖಾಲಿಯಾದ ಮೇಲೆ, ಬಿದ್ದ ಬೈಕಿನಿಂದ ಬಿಚ್ಚಿ ತಂದಿದ್ದ ಡಬ್ಬಿಯ ಚಿಪ್ಪನ್ನು ಯಂತ್ರಕ್ಕೆ ಹಾಕಿ ಓದಿದೆ. ಕಳೆಯಬೇಕಾದಲ್ಲಿ ಕೂಡಿಸಿದ್ದೆ. ಮೇಲಿನ ವೇಗದಲ್ಲಿ ಕಿಡಿ ತಡವಾಗುವ ಬದಲು ಇನ್ನೂ ಬೇಗ ಹಾರುವಂತೆ ಬರೆದಿದ್ದೆ. ಯಾವ ಜೆಟ್ ಹಾಕಿದ್ದರೂ ಆ ಎಂಜಿನ್ ಉಳಿಯುತ್ತಿರಲಿಲ್ಲ. ನಾನು ಆ ಚಿಪ್ಪನ್ನು ಅಳಿಸಿದೆ.

ಮಂಜುವಿನ ಕಾಲು ಉಳಿಯಿತು, ಮಡಚಲು ಬರಲಿಲ್ಲ. ತಪ್ಪು ಅಣ್ಣನದೇ ಎಂದು ನಂಬಿದ ಅವನು, ಇನ್ನು ಅಣ್ಣನ ಮುಖ ನೋಡಲಾರೆ ಎಂದನಂತೆ. ರುದ್ರೇಶ ಹರಿಹರ ಬಿಟ್ಟು ಮಲೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಕೂತ. ನಾನು ಪುಣೆಯಲ್ಲಿ ಕೆಲಸ ಹಿಡಿದೆ, ಅದೇ ಡಬ್ಬಿಯ ವಿನ್ಯಾಸ ತೋರಿಸಿ. ಮೆಚ್ಚುಗೆ ಸಿಕ್ಕಿತು. ಬಡ್ತಿ ಸಿಕ್ಕಿತು.

ಹೋದ ವರ್ಷ ಆಫೀಸಿನ ಸಭೆಯಲ್ಲಿ ನನ್ನ ಕೈಕೆಳಗಿನ ಹೆಂಗಸೊಬ್ಬಳು ಎದ್ದು ನಿಂತು, “ಇದು ನನ್ನ ತಪ್ಪು, ಸರಿ ಮಾಡುತ್ತೇನೆ” ಎಂದಳು. ಎಷ್ಟು ಸಲೀಸಾಗಿ ಅಂದಳು! ಯಾರೂ ನಗಲಿಲ್ಲ. ನಾನು ಮಾತ್ರ ಎದ್ದು ಹೊರಗೆ ನಡೆದೆ.

ಮಲೆಬೆನ್ನೂರಿಗೆ ಹೋದೆ. ರುದ್ರೇಶನ ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದ, ಸ್ಟೂಲ್ ಒರೆಸಿ ಕೊಟ್ಟ. ನಾನು ನಿಂತೇ ಹೇಳಿದೆ, ಎಲ್ಲವನ್ನೂ. ಚಿಪ್ಪನ್ನು ಅಳಿಸಿದ್ದನ್ನೂ. ಅವನು ಬೈಯುತ್ತಾನೆಂದು ಕಾದೆ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

“ಮಂಜಂಗೆ ಹೇಳಿದ್ರಾ?”

“ಇಲ್ಲ.”

“ಮತ್ತ ಇಲ್ಲಿ ಯಾಕ ನಿಂತೀರಿ?”

ಅಷ್ಟೇ. ಮುಖ ತಿರುಗಿಸಿ ಟ್ರ್ಯಾಕ್ಟರಿನ ಹಿಂದೆ ಹೋದ.

ಹರಿಹರದ ಬಸ್ ಹಿಡಿದೆ. ಮಂಜುವಿಗೆ ಈಗ ಟೈರಿನ ಅಂಗಡಿ ಇದೆ. ಗಲ್ಲಾದ ಹಿಂದೆ, ಮಡಚದ ಕಾಲನ್ನು ಮುಂದಕ್ಕೆ ಚಾಚಿ ಕೂತಿದ್ದ. ಅದೇ ಮಾತುಗಳನ್ನು ಮತ್ತೆ ಹೇಳಿದೆ. ಎರಡನೆಯ ಸಲ ಸುಲಭವಾಗಬಹುದೆಂದುಕೊಂಡಿದ್ದೆ. ಅವನು ನಡುವೆ ಒಮ್ಮೆಯೂ ತಡೆಯಲಿಲ್ಲ.

“ಕಾಲಿಂದು ಬಿಡ್ರಿ,” ಎಂದ ಕೊನೆಗೆ. “ನಮ್ಮವ್ವ ಸತ್ತಾಗ, ಆಕಿ ಮಣ್ಣಾಗ ಅಣ್ಣ ಆ ಕಡಿ ನಿಂತಿದ್ದ, ನಾ ಈ ಕಡಿ ನಿಂತಿದ್ದೆ. ಮಾತಾಡ್ಸಾಕ ಬಂದ. ನಾ ಹೊಳ್ಳಿ ನೋಡ್ಲಿಲ್ಲ. ಅದನ್ನ ಹೆಂಗೆ ಸರಿ ಮಾಡ್ತೀರಿ?”

ಕ್ಷಮಿಸು ಎನ್ನಲು ಬಾಯಿ ತೆರೆದೆ, ಆ ಮಾತು ಅಲ್ಲಿ ತೀರಾ ಸಣ್ಣದೆನ್ನಿಸಿ ಸುಮ್ಮನಾದೆ. ಮಂಜು ಗೋಡೆ ಹಿಡಿದು ಎದ್ದು, ಅಂಗಡಿಯ ಬಾಗಿಲೆಳೆಯತೊಡಗಿದ. ನಾನು ರಸ್ತೆಗೆ ಇಳಿದೆ. ಅವನು ಅಣ್ಣನ ಬಳಿಗೆ ಹೋದನೋ ಇಲ್ಲವೋ — ತಿಳಿಯದು. ವಿಚಾರಿಸಿಲ್ಲ. ಅದನ್ನು ತಿಳಿದು ಹಗುರಾಗುವ ಹಕ್ಕು ನನಗಿಲ್ಲ.